ಪುಟ್ಟ ಮಕ್ಕಳ ಚಿತ್ರಪ್ರದರ್ಶನ, ಮತ್ತೆ ಶಾಲೆಯೊಳಗೆ ಮನೆಮಂದಿ: ಪದೇ ಪದೇ ಕೇಳುವ ಪ್ರಶ್ನೆಗಳು

3ರಿಂದ 8 ವರ್ಷದ ಮಕ್ಕಳಿರುವ ಶಿಶುವಿಹಾರ ಮತ್ತು ಕಿರಿಯ ತರಗತಿಗಳ ಟೀಚರ್‌ಗಳಿಗೆ, ಮುಖ್ಯೋಪಾಧ್ಯಾಯರಿಗೆ, ಕೈಜೋಡಿಸಲು ಬರುವ ಪೋಷಕರಿಗೆ ಬರೆದದ್ದು ಇದು. ಉತ್ತರಗಳು ಹಲವು, ಅಳತೆಗೋಲು ಮಾತ್ರ ಒಂದೇ: ಮಗುವೂ ಮನೆಯವರೂ ಒಂದು ಚಿತ್ರದ ಮುಂದೆ ನಿಂತು ಐದು ನಿಮಿಷ ಮಾತಾಡುವುದಕ್ಕೆ ನಾವು ಮಾಡುತ್ತಿರುವುದು ಅನುಕೂಲವೋ, ಅಡ್ಡಿಯೋ? ಗೋಡೆ ಎಷ್ಟು ಚೆಂದ ಕಾಣುತ್ತದೆ ಎಂಬುದು ಆಮೇಲಿನ ಮಾತು.

ಕುಣಿತ, ಹಾಡಿನ ಕಾರ್ಯಕ್ರಮಕ್ಕೆ ಮನೆಯವರು ಬಂದೇ ಬರುತ್ತಾರೆ. ಪ್ರದರ್ಶನ ಬೇರೆ ಯಾಕೆ?

ವೇದಿಕೆ ಕಾರ್ಯಕ್ರಮದಲ್ಲಿ ಮನೆಯವರು ಕತ್ತಲಲ್ಲಿ ಕೂತು, ದೂರದಲ್ಲಿರುವ ಮಗುವನ್ನು ಮೂರು ನಿಮಿಷ ನೋಡುತ್ತಾರೆ. ಉಳಿದ ಹೊತ್ತೆಲ್ಲ ಬೇರೆಯವರ ಮಕ್ಕಳು. ಮಗುವಿನ ಜೊತೆ ಮಾತೇ ಇಲ್ಲ. ಪ್ರದರ್ಶನದಲ್ಲಿ ಮಗು ಕೈಹಿಡಿದು ಕರೆದೊಯ್ಯುತ್ತದೆ, ತರಗತಿ ಎಲ್ಲಿ, ತಾನು ಕೂರುವುದೆಲ್ಲಿ, ಬಣ್ಣದ ಡಬ್ಬ ಎಲ್ಲಿಡುತ್ತಾರೆ ಎಂದು ತೋರಿಸುತ್ತದೆ.

ಇನ್ನೊಂದು ಕಾರಣವೂ ಇದೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ, ಆಮೇಲೆ ತೆರೆದಾಗ ಎಷ್ಟೋ ಕಡೆ ಪೋಷಕರನ್ನು ಗೇಟಿನ ಹೊರಗೇ ನಿಲ್ಲಿಸಲಾಯಿತು. ರೋಗದ ಭಯ ಹೋದರೂ ಗೇಟಿನ ರೂಢಿ ಉಳಿಯಿತು. ಈಗ ಅನೇಕ ಮನೆಗಳಿಗೆ ಶಾಲೆಯಿಂದ ಕರೆ ಬರುವುದು ಎರಡೇ ಸಂದರ್ಭದಲ್ಲಿ: ದೂರು ಇದ್ದಾಗ, ಅಂಕಪಟ್ಟಿ ಕೊಡುವಾಗ. ತಾವೇ ಶಾಲೆಯಲ್ಲಿ ಏಟು ತಿಂದು, ಅರ್ಧಕ್ಕೇ ಓದು ಬಿಟ್ಟವರಿಗೆ ಆ ಬಾಗಿಲು ದಾಟುವುದೇ ಕಷ್ಟ. ಚಿತ್ರ ನೋಡಲು ಬನ್ನಿ ಎಂದರೆ ಯಾರಿಗೂ ಪರೀಕ್ಷೆಯ ಅಳುಕಿಲ್ಲ.

ತಯಾರಿ ಎಷ್ಟು ಮೊದಲು ಶುರುವಾಗಬೇಕು?

ಆರು ವಾರ ಇದ್ದರೆ ಉಸಿರಾಡಲು ಜಾಗ ಇರುತ್ತದೆ. ಮೊದಲ ಮೂರು ವಾರ ಮಕ್ಕಳು ಎಂದಿನಂತೆ ಚಿತ್ರ ಬಿಡಿಸಲಿ, ನೀವು ದಿನಾಂಕ ಬರೆದು ಎತ್ತಿಡಿ. ಪ್ರದರ್ಶನಕ್ಕೆಂದೇ ಮಾಡಿಸಬೇಡಿ, ಹಾಗೆ ಮಾಡಿಸಿದ್ದರಲ್ಲಿ ದೊಡ್ಡವರ ಕೈ ತಾನಾಗಿ ನುಗ್ಗುತ್ತದೆ. ನಾಲ್ಕನೇ ವಾರ ಆಯ್ಕೆ, ಮಗುವಿನ ಮಾತು ಬರೆದುಕೊಳ್ಳುವುದು. ಐದನೇ ವಾರ ಮೌಂಟ್ ಹಾಕುವುದು (ಸುತ್ತ ಅಂಚು ಬಿಟ್ಟು ಚಿತ್ರವನ್ನು ರಟ್ಟಿಗೆ ಹಿಡಿಸುವುದು), ಆಹ್ವಾನ ಕಳಿಸುವುದು. ಕೊನೆಯ ವಾರ ಗೋಡೆಯ ಕೆಲಸ.

ಮಣ್ಣಿನ ಕೆಲಸ ಇದ್ದರೆ ಅದನ್ನು ಎರಡನೇ ವಾರದಲ್ಲೇ ಮುಗಿಸಿ. ಒಣಗಲು ಅದು ತನ್ನದೇ ಕಾಲ ತೆಗೆದುಕೊಳ್ಳುತ್ತದೆ.

ಮೂರನೇ ವಾರದ ಕೊನೆಗೆ ಹಾಜರಿ ಪುಸ್ತಕ ಹಿಡಿದು ಕೂತು, ಯಾವ ಮಗುವಿನದು ಒಂದೂ ಚಿತ್ರ ಇಲ್ಲ ಎಂದು ಗುರುತು ಹಾಕಿ. ಜ್ವರ ಬಂದು ರಜೆಯಲ್ಲಿದ್ದವರು, ಹೊಸದಾಗಿ ಸೇರಿದವರು, ಬಣ್ಣ ಮುಟ್ಟಲು ಹಿಂಜರಿಯುವವರು ಆ ಪಟ್ಟಿಯಲ್ಲಿ ಸಿಗುತ್ತಾರೆ. ಪ್ರದರ್ಶನದ ಹಿಂದಿನ ದಿನ ಇದು ಗೊತ್ತಾದರೆ ಏನೂ ಮಾಡಲಾಗದು. ಗೋಡೆಯಲ್ಲಿ ತನ್ನ ಹೆಸರಿಲ್ಲದ ಒಂದು ಮಗು ಇದ್ದರೂ ಇಡೀ ಪ್ರದರ್ಶನ ಸೋತಂತೆ.

ಯಾವ ಚಿತ್ರ ಹಾಕಬೇಕೆಂದು ಯಾರು ನಿರ್ಧರಿಸಬೇಕು?

ಮಗುವೇ. ಮೂರೋ ನಾಲ್ಕೋ ಚಿತ್ರ ನೆಲದ ಮೇಲೆ ಹರಡಿ, "ಮನೆಯವರಿಗೆ ಯಾವುದನ್ನು ತೋರಿಸೋಣ?" ಎಂದು ಕೇಳಿ. ಹತ್ತು ಹದಿನೈದನ್ನು ಒಟ್ಟಿಗೆ ಹರಡಿದರೆ ಪುಟ್ಟ ಮಕ್ಕಳಿಗೆ ಗೊಂದಲ, ಕೊನೆಗೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಡುತ್ತಾರೆ. ಮಗು ಆರಿಸಿದ್ದು ನಿಮಗೆ ಹಿಡಿಸದೇ ಹೋಗಬಹುದು. ಕಪ್ಪು ಬಣ್ಣ ಮೆತ್ತಿ ಮುಚ್ಚಿದ ಹಾಳೆಯ ಕೆಳಗೆ ಒಂದು ದೊಡ್ಡ ಕಥೆಯೇ ಇರುತ್ತದೆ, ಅದನ್ನು ಹೇಳುವುದು ಅದನ್ನು ಆರಿಸಿದವರಿಗೆ ಮಾತ್ರ ಸಾಧ್ಯ. ಟೀಚರ್ ಆರಿಸಿದ ಚೆಂದದ ಚಿತ್ರದ ಮುಂದೆ ಮಗುವಿಗೆ ಹೇಳಲು ಏನೂ ಇರುವುದಿಲ್ಲ.

ಎಲ್ಲರದೂ ಒಂದೇ ಸಂಖ್ಯೆ, ಹೆಚ್ಚುಕಡಿಮೆ ಒಂದೇ ಅಳತೆ. ಒಬ್ಬರದು ಐದು, ಇನ್ನೊಬ್ಬರದು ಒಂದು ಎಂದಾದರೆ ಮನೆಯವರು ಚಿತ್ರ ಬಿಟ್ಟು ಎಣಿಸಲು ತೊಡಗುತ್ತಾರೆ.

ಬರೀ ಗೀಚಿದ್ದನ್ನೂ ಹಾಕಬೇಕೇ?

ಹಾಕಲೇಬೇಕು. ಮೂರು ವರ್ಷದ ಮಗುವಿಗೆ ಗೀಚುವುದೇ ಚಿತ್ರ. ಲಕ್ಷಾಂತರ ಮಕ್ಕಳ ಚಿತ್ರ ಸಂಗ್ರಹಿಸಿ ನೋಡಿದ ಅಮೆರಿಕದ ರೋಡಾ ಕೆಲಾಗ್ ಗೀಚುಗಳಲ್ಲೇ 20 ಮೂಲ ಬಗೆಗಳನ್ನು ಗುರುತಿಸಿದ್ದರು: ಚುಕ್ಕೆ, ನೆಟ್ಟಗಿನ ಗೆರೆ, ಅಡ್ಡಗೆರೆ, ಸುತ್ತು, ಸುರುಳಿ, ಹೀಗೆ. ಮಕ್ಕಳ ಚಿತ್ರಕಲೆಯ ಬೆಳವಣಿಗೆಯನ್ನು ಹಂತಗಳಾಗಿ ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಪ್ರಕಾರ ಸುಮಾರು 2ರಿಂದ 4 ವರ್ಷ ಗೀಚುವ ಕಾಲ. 4ರಿಂದ 7ರೊಳಗೆ ತಲೆಯಿಂದ ನೇರ ಕಾಲು ಹೊರಟ ಮನುಷ್ಯರು ಬರುತ್ತಾರೆ. 7ರ ಆಸುಪಾಸಿನಲ್ಲಿ ಹಾಳೆಯ ಕೆಳಗೆ ನೆಲದ ಗೆರೆ ಬಂದು ಮನೆ ಮರಗಳೆಲ್ಲ ಅದರ ಮೇಲೆ ಸಾಲಾಗಿ ನಿಲ್ಲುತ್ತವೆ. ವಯಸ್ಸು ಎಲ್ಲರಿಗೂ ಹೀಗೇ ಕೂಡಿಬರಬೇಕೆಂದೇನಿಲ್ಲ.

ಈ ವಿಷಯವನ್ನು ನಾಲ್ಕು ಸಾಲಿನಲ್ಲಿ ಬರೆದು ಪುಟ್ಟವರ ಗೋಡೆಯ ಪಕ್ಕ ಅಂಟಿಸಿ. "ನಮ್ಮವನಿಗೆ ಇನ್ನೂ ಮನೆ ಬರೆಯೋಕೂ ಬರಲ್ಲ" ಎಂಬ ಮಾತು ಎಷ್ಟೋ ಕಡಿಮೆಯಾಗುತ್ತದೆ.

ಟೀಚರ್ ಸ್ವಲ್ಪ ತಿದ್ದಿದರೆ ತಪ್ಪೇನು?

ಮಗುವಿಗೆ ಅದು ಗೊತ್ತಾಗುತ್ತದೆ. ಮನೆಯವರ ಮುಂದೆ ನಿಂತಾಗ "ಇದು ಮಿಸ್ ಮಾಡಿದ್ದು" ಎಂದು ಸತ್ಯ ಹೇಳಿಯೂಬಿಡುತ್ತದೆ. ಹೊರಗೆರೆ ಎಳೆದುಕೊಟ್ಟು ಬಣ್ಣ ತುಂಬಿಸುವುದು, ಕತ್ತರಿಸಿಟ್ಟ ಆಕಾರಗಳನ್ನು ಅಂಟಿಸಿಸುವುದು, ಇವೂ ತಿದ್ದುವುದರ ಬಗೆಗಳೇ. ಒಂದೇ ರೀತಿಯ ಮೂವತ್ತು ಚಿಟ್ಟೆಗಳು ಗೋಡೆಯಲ್ಲಿದ್ದರೆ ಮನೆಯವರು ಹೆಸರಿನ ಚೀಟಿ ಹುಡುಕಿ, ಒಂದು ಫೋಟೊ ಹೊಡೆದು, ಮುಂದೆ ಹೋಗುತ್ತಾರೆ. ಚಿತ್ರದ ಮೇಲೆಯೇ ಹೆಸರು, ದಿನಾಂಕ, ಸರಿ ಗುರುತು ಹಾಕುವುದೂ ಬೇಡ. ಅವೆಲ್ಲ ಹಿಂಬದಿಗೆ, ಮೆದು ಪೆನ್ಸಿಲ್‌ನಲ್ಲಿ. ಬಾಲ್‌ಪೆನ್ ಒತ್ತಿದರೆ ಮುಂಬದಿಯಲ್ಲಿ ಗೆರೆ ಏಳುತ್ತದೆ.

ಮೊದಲ, ಎರಡನೇ ಬಹುಮಾನ ಇಟ್ಟರೆ ಜನ ಹೆಚ್ಚು ಬರುವುದಿಲ್ಲವೇ?

ಬರಬಹುದು, ಗೆದ್ದವರ ಮನೆಯವರು ಮಾತ್ರ ಖುಷಿಯಾಗಿ ಹಿಂದಿರುಗುತ್ತಾರೆ. ಪುಟ್ಟ ಮಕ್ಕಳ ಮಟ್ಟಿಗೆ ಬಹುಮಾನಕ್ಕೆ ಇನ್ನೊಂದು ಕೆಡುಕೂ ಇದೆ. 1973ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗ ನಡೆದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿಯಲ್ಲಿ, ಮೂರರಿಂದ ಐದು ವರ್ಷದ ಮಕ್ಕಳ ಮೇಲೆ, ಅದೂ ಸ್ಕೆಚ್ ಪೆನ್ ಇಟ್ಟುಕೊಂಡು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದನ್ನು ಇಷ್ಟಪಡುವ ಮಕ್ಕಳನ್ನೇ ಆರಿಸಿ, ಕೆಲವರಿಗೆ "ಬಿಡಿಸಿದರೆ ಪ್ರಶಸ್ತಿ" ಎಂದು ಮೊದಲೇ ಹೇಳಿದರು. ವಾರಗಳ ಬಳಿಕ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರೆ, ಪ್ರಶಸ್ತಿಯ ಆಸೆಗೆ ಬಿಡಿಸಿದ್ದವರು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವನ್ನು ಮುಟ್ಟಿದರು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಇಂಥ ಹಾನಿ ಆಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಆದರೂ ನಮ್ಮ ಸಲಹೆ: ಬಹುಮಾನ, ಪ್ರಮಾಣಪತ್ರ, ತೀರ್ಪುಗಾರರು ಯಾವುದೂ ಬೇಡ.

ಕಾಗದ, ಬಣ್ಣ ಎಂಥದ್ದಿರಬೇಕು?

ನೀರುಬಣ್ಣ, ಪೋಸ್ಟರ್ ಕಲರ್‌ಗೆ 180ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಡ್ರಾಯಿಂಗ್ ಶೀಟ್. ಕ್ರೇಯಾನ್, ಪೆನ್ಸಿಲ್‌ಗೆ 120 ಸಾಕು. ಝೆರಾಕ್ಸ್ ಕಾಗದ 70–80 ಜಿಎಸ್‌ಎಂ ಮಾತ್ರ. ಒದ್ದೆ ಬ್ರಷ್ ಎರಡು ಬಾರಿ ಎಳೆದರೆ ಹರಿಯುತ್ತದೆ, ಒಣಗಿದ ಮೇಲೆ ಮುದುಡುತ್ತದೆ.

ಪೋಸ್ಟರ್ ಕಲರನ್ನು ದಪ್ಪಗೆ ಮೆತ್ತಿದರೆ ಒಣಗಿದಾಗ ಬಿರುಕು ಬಿಟ್ಟು ಉದುರುತ್ತದೆ. ಹತ್ತು ಚಮಚ ಬಣ್ಣಕ್ಕೆ ಒಂದು ಚಮಚ ಬಿಳಿ ಅಂಟು ಕಲಸಿಟ್ಟರೆ ಹಿಡಿತ ಬರುತ್ತದೆ, ಬಟ್ಟೆಗೆ ತಾಗಿದರೆ ಮಾತ್ರ ಸುಲಭಕ್ಕೆ ಹೋಗುವುದಿಲ್ಲ. ಆಯಿಲ್ ಪೇಸ್ಟಲ್ ಎಂದಿಗೂ ಪೂರ್ತಿ ಒಣಗದು. ಒಂದರ ಮೇಲೊಂದು ಪೇರಿಸಿದರೆ ಮೇಲಿನ ಹಾಳೆಯ ಬೆನ್ನಿಗೆಲ್ಲ ಬಣ್ಣ. ನಡುವೆ ಬಟರ್ ಪೇಪರ್ ಇಡಿ. ಸೀಮೆಸುಣ್ಣದಂಥ ಒಣ ಪೇಸ್ಟಲ್‌ಗೂ ಇದೇ ಉಪಾಯ. ಅದನ್ನು ಹಿಡಿದಿಡಲು ಹೇರ್ ಸ್ಪ್ರೇ ಹೊಡೆಯುವವರಿದ್ದಾರೆ. ಕಾಗದ ಕಾಲಕ್ರಮೇಣ ಹಳದಿಯಾಗುತ್ತದೆ, ಮಕ್ಕಳಿರುವ ಕೋಣೆಯಲ್ಲಂತೂ ಕೂಡದು. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಕಿಟಕಿಯ ಎದುರು ಗೋಡೆಗೆ ಅಂಥ ಚಿತ್ರ ಹಾಕಬೇಡಿ.

ಚಿತ್ರಗಳು ಸುರುಳಿ ಸುತ್ತಿಕೊಳ್ಳುತ್ತಿವೆ. ಏನು ಮಾಡುವುದು?

ಕಾಗದದ ಒಂದೇ ಬದಿ ನೆನೆದು ಹಿಗ್ಗುತ್ತದೆ, ಒಣಗುವಾಗ ಬಣ್ಣ ಬಿಗಿದುಕೊಂಡು ಆ ಕಡೆಗೇ ಎಳೆಯುತ್ತದೆ. ಪೂರ್ತಿ ಒಣಗಿದ ಮೇಲೆ, ಚಿತ್ರವನ್ನು ಬೋರಲು ಹಾಕಿ, ಬೆನ್ನಿಗೆ ತುಸುವೇ ತೇವ ಮಾಡಿದ ಬಟ್ಟೆ ಸವರಿ. ನೀರು ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಎರಡು ಖಾಲಿ ಹಾಳೆಗಳ ನಡುವೆ ಇಟ್ಟು, ಮೇಲೆ ಸಮತಟ್ಟಾದ ಹಲಗೆ, ಅದರ ಮೇಲೆ ಪುಸ್ತಕಗಳ ಭಾರ, ಒಂದು ರಾತ್ರಿ. ಪೇಸ್ಟಲ್ ಅಥವಾ ದಪ್ಪ ಬಣ್ಣದ ಚಿತ್ರಗಳಿಗೆ ಇದನ್ನು ಮಾಡಲು ಹೋಗಬೇಡಿ. ಅವನ್ನು ರಟ್ಟಿನ ಮೇಲೆ ನಾಲ್ಕು ಮೂಲೆ ಹಿಡಿಸಿ ಮೌಂಟ್ ಹಾಕಿದರೆ ಸಾಕು.

ಒದ್ದೆ ಇರುವಾಗಲೇ ಭಾರ ಇಟ್ಟವರ ಗತಿ ಗೊತ್ತೇ ಇದೆ: ಬಣ್ಣ ಮೇಲಿನ ಹಾಳೆಗೆ ಅಂಟಿ ಎರಡೂ ಹಾಳಾಗುತ್ತವೆ.

ಮಣ್ಣಿನ ಗೊಂಬೆಗಳು ಬಿರುಕು ಬಿಡುತ್ತವೆ, ಕೈಕಾಲು ಉದುರುತ್ತವೆ. ಯಾಕೆ?

ಮೂರು ಕಾರಣ ಸಾಮಾನ್ಯ. ಒಂದು, ಬೇಗ ಒಣಗಿಸುವುದು. ಬಿಸಿಲಿಗೋ ಫ್ಯಾನಿನ ಕೆಳಗೋ ಇಟ್ಟರೆ ಹೊರಗಿನ ಪದರ ಮೊದಲು ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ನೆರಳಲ್ಲಿ, ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹೊದಿಸಿ, ದಿನಕ್ಕೊಮ್ಮೆ ಮಗುಚಿ. ವಾತಾವರಣ ನೋಡಿಕೊಂಡು ಐದರಿಂದ ಏಳು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಎರಡು, ದಪ್ಪ. ಮುಷ್ಟಿಗಾತ್ರದ ಗಟ್ಟಿ ಮುದ್ದೆಗಿಂತ 1ರಿಂದ 1.5 ಸೆಂ.ಮೀ. ದಪ್ಪದ ಕೆಲಸ ಸಮನಾಗಿ ಒಣಗುತ್ತದೆ. ಮೂರು, ಸುಮ್ಮನೆ ಒತ್ತಿ ಅಂಟಿಸಿದ ಕೈಕಾಲು. ಎರಡೂ ಮೈಯನ್ನು ಕಡ್ಡಿಯಿಂದ ಕೆರೆದು, ನೀರಲ್ಲಿ ಕದಡಿದ ಮಣ್ಣಿನ ಗಂಜಿ ಹಚ್ಚಿ ಕೂಡಿಸಬೇಕು. ನಾಲ್ಕು ವರ್ಷದ ಮಕ್ಕಳೂ ಹಳೆಯ ಫೋರ್ಕ್ ಹಿಡಿದು ಕೆರೆಯುವುದನ್ನು ಬೇಗ ಕಲಿಯುತ್ತಾರೆ. ಒಣಗಿದ ಮೇಲೆ ಮುರಿದರೆ ಮಣ್ಣಿನ ಗಂಜಿ ಹಿಡಿಯುವುದಿಲ್ಲ, ಬಿಳಿ ಅಂಟೇ ಗತಿ.

ಸುಡುವ ಅನುಕೂಲ ಇದ್ದರೆ ಒಂದು ಎಚ್ಚರಿಕೆ. ಗೂಡಿನಲ್ಲಿ ಗೊಂಬೆ ಸಿಡಿಯುವುದು ಒಳಗಿನ ಗಾಳಿಗುಳ್ಳೆಯಿಂದ ಎಂದು ಹೇಳುವುದುಂಟು. ನಿಜವಾದ ಕಾರಣ ಉಳಿದ ತೇವ. ಅದು ಹಬೆಯಾಗಿ ಒಮ್ಮೆಲೇ ಹಿಗ್ಗಿ ಮಣ್ಣನ್ನು ಒಡೆಯುತ್ತದೆ. ಕೆನ್ನೆಗೆ ಹಿಡಿದರೆ ತಣ್ಣಗೆ ಅನಿಸುವ ಗೊಂಬೆ ಇನ್ನೂ ಒಣಗಿಲ್ಲ.

ಚಿತ್ರಗಳನ್ನು ಎಷ್ಟು ಎತ್ತರದಲ್ಲಿ ಹಾಕಬೇಕು?

ಹೆಚ್ಚಿನ ಶಾಲೆಗಳು ಎಡವುವುದು ಇಲ್ಲೇ. ಕಲಾ ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145–155 ಸೆಂ.ಮೀ. ಇರುವಂತೆ ಹಾಕುತ್ತಾರೆ, ಅದು ದೊಡ್ಡವರ ಕಣ್ಣಿನ ಮಟ್ಟ. ನಾಲ್ಕರಿಂದ ಆರು ವರ್ಷದ ಮಗುವಿನ ಕಣ್ಣು ಇರುವುದು ಸುಮಾರು 90–105 ಸೆಂ.ಮೀ.ನಲ್ಲಿ. ದೊಡ್ಡವರ ಎತ್ತರಕ್ಕೆ ಹಾಕಿದರೆ ಮಗು ಕತ್ತೆತ್ತಿ ನಿಂತು ತನ್ನ ಚಿತ್ರವನ್ನು ಬೆರಳಿಟ್ಟು ತೋರಿಸಲಾರದು, ಮಾತು ಅಲ್ಲಿಗೇ ನಿಲ್ಲುತ್ತದೆ.

ಚಿತ್ರದ ನಡುಭಾಗ 95 ಸೆಂ.ಮೀ. ಇರಲಿ. ದೊಡ್ಡವರು ಬಗ್ಗಬೇಕಾಗುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಬಗ್ಗಲಿ, ಕುಕ್ಕರುಗಾಲಲ್ಲಿ ಕೂರಲಿ. ಮಗುವಿನ ಮುಖದ ಮಟ್ಟಕ್ಕೆ ದೊಡ್ಡವರ ಮುಖ ಬರುವುದು ಆಗಲೇ. ಮಂಡಿನೋವಿನ ಅಜ್ಜ ಅಜ್ಜಿಯರಿಗೆ ಗೋಡೆಯುದ್ದಕ್ಕೂ ನಾಲ್ಕೈದು ಮೀಟರಿಗೊಂದು ಕುರ್ಚಿ ಇಡಿ. ಕೂತರೆ ಅವರ ಕಣ್ಣಿಗೂ ಈ ಎತ್ತರ ಹಿತವಾಗಿರುತ್ತದೆ.

ಮಣ್ಣಿನ ಕೆಲಸಗಳಿಗೆ 50–60 ಸೆಂ.ಮೀ. ಎತ್ತರದ ಮೇಜು, ಅಂಚಿನಿಂದ 15 ಸೆಂ.ಮೀ. ಒಳಗೆ. ಮೇಜುಬಟ್ಟೆ ಕೆಳಕ್ಕೆ ಜೋಲುವುದು ಬೇಡ: ಜೊತೆಗೆ ಬಂದ ಒಂದೂವರೆ ವರ್ಷದ ತಂಗಿ ಅದನ್ನು ಎಳೆದೇ ಎಳೆಯುತ್ತಾಳೆ.

ಗೋಡೆ ಎಷ್ಟು ಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಎ3 ಹಾಳೆ 29.7 × 42 ಸೆಂ.ಮೀ. ಸುತ್ತ 3 ಸೆಂ.ಮೀ. ಅಂಚು ಬಿಟ್ಟು ಮೌಂಟ್ ಹಾಕಿದರೆ ಅಡ್ಡ ಚಿತ್ರದ ಅಗಲ 48 ಸೆಂ.ಮೀ. ನಡುವೆ 7 ಸೆಂ.ಮೀ. ಬಿಟ್ಟರೆ ಒಂದಕ್ಕೆ 55. ಅಂದರೆ 10 ಮೀಟರ್ ಗೋಡೆಯಲ್ಲಿ ಒಂದು ಸಾಲಿಗೆ 18 ಚಿತ್ರ. 60 ಮಕ್ಕಳ ಒಂದೊಂದು ಚಿತ್ರಕ್ಕೆ 33 ಮೀಟರ್ ಬೇಕು. ಅಷ್ಟು ಗೋಡೆ ಇಲ್ಲದಿದ್ದರೆ ಎರಡು ಸಾಲು ಮಾಡಿ: ಕೆಳಸಾಲಿನ ನಡು 85ಕ್ಕೆ, ಮೇಲ್ಸಾಲಿನದು 128ಕ್ಕೆ ಬರುತ್ತದೆ, ಮೇಲ್ಸಾಲಿಗೆ ದೊಡ್ಡ ಮಕ್ಕಳ ಚಿತ್ರ. ಮೂರನೇ ಸಾಲು ಬೇಡವೇ ಬೇಡ. ಉಳಿದ ಚಿತ್ರಗಳು ಮಗುವಿನ ಹೆಸರಿನ ಫೋಲ್ಡರ್‌ನಲ್ಲಿ ಮೇಜಿನ ಮೇಲಿರಲಿ. ಒಂದೊಂದಾಗಿ ತಿರುವಿ ತೋರಿಸುವುದೇ ಎಷ್ಟೋ ಮಕ್ಕಳಿಗೆ ಹೆಚ್ಚು ಇಷ್ಟ.

ಗೋಡೆ ಸಾಲದಿದ್ದಾಗ ಬಾಗಿಲಿಗೆ ಅಡ್ಡಲಾಗಿ, ಹೊರಹೋಗುವ ದಾರಿಯಲ್ಲಿ, ವಿದ್ಯುತ್ ಬೋರ್ಡಿನ ಮೇಲೆ, ಬಿಸಿಯಾಗುವ ದೀಪದ ಪಕ್ಕ ನೇತುಹಾಕುವ ಆಸೆ ಬರುತ್ತದೆ. ಕಾಗದ ಬೆಂಕಿಗೆ ತುತ್ತು, ಇಲ್ಲಿ ರಾಜಿ ಇಲ್ಲ.

ಸಂಜೆ ಅಂಟಿಸಿದ್ದು ಬೆಳಿಗ್ಗೆ ಹೊತ್ತಿಗೆ ನೆಲದ ಮೇಲೆ. ಯಾವ ಟೇಪ್ ಒಳ್ಳೆಯದು?

ಸುಣ್ಣ ಬಳಿದ ಅಥವಾ ದೂಳು ಹಿಡಿದ ಗೋಡೆಗೆ ಯಾವ ಟೇಪೂ ನಿಲ್ಲುವುದಿಲ್ಲ. ಟೇಪ್ ಹಿಡಿದಿರುವುದು ದೂಳನ್ನೇ ಹೊರತು ಗೋಡೆಯನ್ನಲ್ಲ. ಅಂಥ ಕಡೆ ಎರಡು ಮೊಳೆಗಳ ನಡುವೆ ದಪ್ಪ ದಾರ ಬಿಗಿದು ಬಟ್ಟೆ ಕ್ಲಿಪ್ ಹಾಕಿ. ದಾರ ಎರಡು ಮೀಟರಿಗಿಂತ ಉದ್ದವಾದರೆ ನಡುವೆ ಜೋಲುತ್ತದೆ, ಇನ್ನೊಂದು ಮೊಳೆ ಬೇಕು. ಫ್ಯಾನಿನ ಗಾಳಿಗೆ ಚಿತ್ರ ಹಾರಾಡಿದರೆ ಕೆಳಗಿನ ಎರಡು ಮೂಲೆಗೂ ಕ್ಲಿಪ್.

ಆಯಿಲ್ ಪೇಂಟ್ ಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಿ ಮಾಸ್ಕಿಂಗ್ ಟೇಪ್ ಹಾಕಬಹುದು. ಅದು ಸುಲಭಕ್ಕೆ ಕೀಳುತ್ತದೆ, ಭಾರ ಮಾತ್ರ ತಡೆಯದು. ಡಬಲ್ ಸೈಡ್ ಟೇಪ್ ಗಟ್ಟಿ. ತೆಗೆಯುವಾಗ ಚಿತ್ರವೋ ಗೋಡೆಯ ಬಣ್ಣವೋ ಒಂದು ಕಿತ್ತುಬರುತ್ತದೆ. ಯಾವ ಟೇಪೂ ನೇರ ಚಿತ್ರಕ್ಕೆ ತಾಗಬಾರದು, ಮೌಂಟಿಗೆ ಮಾತ್ರ. ಗುಂಡುಪಿನ್ನು ಪುಟ್ಟ ಮಕ್ಕಳಿರುವ ಕಡೆ ಬೇಡ. ಒಂದು ಉದುರಿದರೂ ಯಾರದೋ ಕಾಲಿಗೆ, ಇಲ್ಲವೇ ಕೂಸಿನ ಬಾಯಿಗೆ. ಮಳೆಗಾಲದ ತೇವದಲ್ಲಿ ಟೇಪ್ ರಾತ್ರಿಯಲ್ಲೇ ಬಿಡುತ್ತದೆ, ಆದ್ದರಿಂದ ಕೆಲಸ ಹಿಂದಿನ ದಿನ ಮುಗಿಸಿ ಬೆಳಿಗ್ಗೆ ಬಾಗಿಲು ತೆರೆಯುವ ಒಂದು ಗಂಟೆ ಮೊದಲು ಇಬ್ಬರು ಒಂದು ಸುತ್ತು ಬರಲಿ.

ಚೀಟಿಯಲ್ಲಿ ಏನು ಬರೆಯಬೇಕು?

ಹೆಸರು, ವಯಸ್ಸು, ಬಳಸಿದ ಬಣ್ಣ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮಗು ಆಡಿದ ಮಾತು. "ಇದೇನು?" ಎಂದು ಕೇಳಬೇಡಿ, ಪರೀಕ್ಷೆಯಾಗುತ್ತದೆ. "ಇದರ ಬಗ್ಗೆ ಹೇಳು" ಎನ್ನಿ, ಸುಮ್ಮನಿರಿ, ಬಂದದ್ದನ್ನು ಹಾಗೆಯೇ ಬರೆಯಿರಿ. "ಮಳೆ ಬಂತು ಆಮೇಲೆ ನಾಯಿಗೆ ಕೋಪ ಬಂತು" ಎಂದರೆ ಅಷ್ಟೇ. ಅದನ್ನು "ಮಳೆಗಾಲದ ದೃಶ್ಯ" ಎಂದು ಬದಲಿಸಿದರೆ ಚೀಟಿ ಸತ್ತಂತೆ. ಮಗು ಮನೆಭಾಷೆಯಲ್ಲಿ ಹೇಳಿದರೆ ಆ ಭಾಷೆಯಲ್ಲೇ ಬರೆಯಿರಿ. ಏನೂ ಹೇಳದ ಮಗುವಿನ ಬಾಯಿಗೆ ಮಾತು ತುರುಕುವುದು ಬೇಡ, "ಕ್ರೇಯಾನ್, 4 ವರ್ಷ" ಎಂದಿದ್ದರೂ ಸಾಕು.

ಮಕ್ಕಳ ಮಾತನ್ನು ಅವರ ಕೆಲಸದ ಪಕ್ಕದಲ್ಲೇ ಇಡುವ ಕ್ರಮವನ್ನು ಇಟಲಿಯ ರೆಜ್ಜೊ ಎಮಿಲಿಯಾ ನಗರದ ಶಿಶುಶಾಲೆಗಳು ಲೋಕಕ್ಕೆಲ್ಲ ಪರಿಚಯಿಸಿದವು. ಅಲ್ಲಿನ ಶಿಕ್ಷಣ ಚಿಂತಕ ಲೋರಿಸ್ ಮಲಗುತ್ಸಿ ಮತ್ತು ಸಂಗಡಿಗರು ಕೆಲಸ ನಡೆಯುತ್ತಿರುವಾಗಿನ ಫೋಟೊ, ಮಕ್ಕಳ ಸಂಭಾಷಣೆ ಎಲ್ಲವನ್ನೂ ಗೋಡೆಗೆ ತಂದರು. ಅಷ್ಟು ದೊಡ್ಡದಾಗಿ ಮಾಡಲು ಆಗದಿದ್ದರೂ ತರಗತಿಗೆ ಎರಡು ಮೂರು ಇಂಥ ಫೋಟೊ ಹಾಕಬಹುದು.

ಅಕ್ಷರ 20 ಪಾಯಿಂಟ್‌ಗಿಂತ ಚಿಕ್ಕದಾದರೆ ಅಜ್ಜ ಅಜ್ಜಿಯರು ಓದಲಾರರು. ಹೆಸರಿನ ಕಾಗುಣಿತವನ್ನು ಮನೆಯವರು ಬರೆಯುವ ರೀತಿಗೆ ಹೋಲಿಸಿ ನೋಡಿ. ಚೀಟಿ ಅದಲುಬದಲಾಗುವುದು ಸಾಮಾನ್ಯ. ಚಿತ್ರದ ಬೆನ್ನಿನ ಹೆಸರಿಗೂ ಚೀಟಿಗೂ ತಾಳೆ ನೋಡುವ ಕೆಲಸ ಒಬ್ಬರೇ ಮಾಡಲಿ.

ಆಹ್ವಾನ ಕಳಿಸಿದರೂ ಜನ ಬರುವುದಿಲ್ಲ. ಏನು ಕೊರತೆ?

ಸಾಮಾನ್ಯವಾಗಿ ಎರಡು: ಹೊತ್ತು ಮತ್ತು ಧಾಟಿ.

ಕೆಲಸದ ದಿನ ನಡುಹಗಲಿಗೆ ಇಟ್ಟರೆ ದಿನಗೂಲಿಯವರು ಆ ದಿನದ ಸಂಪಾದನೆ ಬಿಟ್ಟು ಬರಬೇಕು. ಮಗುವನ್ನು ಬಿಡಲು ಬರುವ ಬೆಳಗಿನ 40 ನಿಮಿಷ, ಕೆಲಸ ಮುಗಿದ ಮೇಲೆ ಸಂಜೆ ಒಂದೂವರೆ ಗಂಟೆ, ರಜಾದಿನ ಬೆಳಿಗ್ಗೆ ಎರಡು ಗಂಟೆ, ಹೀಗೆ ಮೂರು ಹೊತ್ತು ಕೊಟ್ಟರೆ ಹೆಚ್ಚಿನವರಿಗೆ ಒಂದಾದರೂ ಹೊಂದುತ್ತದೆ. ಗುಂಪೂ ಹಂಚಿಹೋಗುತ್ತದೆ: 60 ಮಕ್ಕಳಿಗೆ ತಲಾ ಮೂವರು ಬಂದರೆ ಮಕ್ಕಳೂ ಸೇರಿ ಒಟ್ಟು 240 ಜನ, ಒಂದೇ ಹೊತ್ತಿಗೆ ಬಂದರೆ ಯಾರಿಗೂ ಏನೂ ಕಾಣದು.

ಧಾಟಿಯ ಮಾತು. "ತಪ್ಪದೇ ಹಾಜರಾಗತಕ್ಕದ್ದು" ಎಂದು ಬರೆದರೆ ಅದು ನೋಟಿಸು. ಆಹ್ವಾನವನ್ನು ಮಗುವೇ ತಯಾರಿಸಲಿ: ಅರ್ಧ ಹಾಳೆಯಲ್ಲಿ ಮಗುವಿನ ಚಿತ್ರ, ಕೆಳಗೆ ದಿನ, ಹೊತ್ತು, "ನನ್ನ ಚಿತ್ರ ನೋಡಲು ಬಾ", ಯಾರಿಗೆ ಎಂಬುದಕ್ಕೆ ಖಾಲಿ ಜಾಗ. ಆ ಜಾಗದಲ್ಲಿ ಅಮ್ಮನೋ, ಅಜ್ಜಿಯೋ, ಪಕ್ಕದ ಮನೆಯ ಅಕ್ಕನೋ, ಮಗು ಹೇಳಿದವರ ಹೆಸರು. ಎರಡು ಆಹ್ವಾನ ಕೊಡಿ. ಹತ್ತು ದಿನ ಮೊದಲು ಒಮ್ಮೆ, ಹಿಂದಿನ ದಿನ ನೆನಪಿಗೆ ಒಂದು ಸಂದೇಶ. ಓದಲು ಬಾರದ ಮನೆಗಳಿಗೆ ಮಗುವಿನ ದನಿಯಲ್ಲೇ 20 ಸೆಕೆಂಡಿನ ಧ್ವನಿಸಂದೇಶ ಕಳಿಸಿದರೆ ಕಾಗದಕ್ಕಿಂತ ಚೆನ್ನಾಗಿ ಮುಟ್ಟುತ್ತದೆ.

ಬಂದವರು ಎರಡೇ ನಿಮಿಷದಲ್ಲಿ ಫೋಟೊ ಹೊಡೆದು ಹೊರಟುಬಿಡುತ್ತಾರಲ್ಲ?

ನೋಡಲು ಮಾತ್ರ ಇದ್ದರೆ ಹೊರಡುತ್ತಾರೆ. ಮಗುವಿನ ಕೈಗೆ ನಾಲ್ಕು ಗುರುತುಗಳ ಒಂದು ಕಾರ್ಡ್ ಕೊಡಿ: ನನ್ನ ಚಿತ್ರ, ನನ್ನ ಗೆಳೆಯರ ಚಿತ್ರ, ನಾವೆಲ್ಲ ಸೇರಿ ಮಾಡಿದ್ದು, ನಾವಿಬ್ಬರೂ ಸೇರಿ ಮಾಡುವುದು. ಪ್ರತಿ ಕಡೆ ಹೋದಮೇಲೆ ಮಗು ಒಂದು ಮುದ್ರೆ ಒತ್ತುತ್ತದೆ. ಅಕ್ಷರ ಬಾರದವರಿಗೂ ತಿಳಿಯುವಂತೆ ಗುರುತುಗಳು ಚಿತ್ರದಲ್ಲಿರಲಿ. ಎರಡು ದಿನ ಮೊದಲು ತರಗತಿಯಲ್ಲಿ ಜೋಡಿಯಾಗಿ ಅಭ್ಯಾಸ ಮಾಡಿಸಿ, ಒಬ್ಬರು ಮನೆಯವರು, ಒಬ್ಬರು ತೋರಿಸುವವರು. ಅಭ್ಯಾಸ ಇಲ್ಲದಿದ್ದರೆ ಎಷ್ಟೋ ಮಕ್ಕಳು ಗದ್ದಲ ಕಂಡು ಅಮ್ಮನ ಸೆರಗಿನ ಹಿಂದೆ ಅಡಗುತ್ತಾರೆ.

ಕೊನೆಯ ನಿಲುಗಡೆ ಅತಿ ಮುಖ್ಯ. ಉದ್ದದ ಮೇಜು ಅಥವಾ ಚಾಪೆ, ಎ3 ಹಾಳೆ, ಕ್ರೇಯಾನ್. ಒದ್ದೆ ಬಣ್ಣ ಇಲ್ಲಿ ಬೇಡ, ಒಳ್ಳೆ ಬಟ್ಟೆ ಉಟ್ಟು ಬಂದವರು ಕೂರುವುದೇ ಇಲ್ಲ. ಕೆಲಸ 12–15 ನಿಮಿಷದಲ್ಲಿ ಮುಗಿಯುವಂತಿರಲಿ: ಮಗು ಒಂದು ಗೆರೆ ಎಳೆಯುತ್ತದೆ, ದೊಡ್ಡವರು ಅದನ್ನು ಮುಂದುವರಿಸುತ್ತಾರೆ, ಮತ್ತೆ ಮಗು. "ನನಗೆ ಚಿತ್ರ ಬರಲ್ಲ" ಎನ್ನುವ ಅಪ್ಪಂದಿರಿಗೆ ಗೆರೆ ಎಳೆಯುವುದು ಸುಲಭ. ಮುಗಿದದ್ದನ್ನು ಖಾಲಿ ಬಿಟ್ಟ ಗೋಡೆಗೆ ಮಗುವೇ ಕ್ಲಿಪ್ ಹಾಕಲಿ. 20 ಕುಟುಂಬಗಳಿಗೆ 6–8 ಜಾಗ ಸಾಕು, ಎಲ್ಲರೂ ಒಟ್ಟಿಗೆ ಅಲ್ಲಿಗೆ ಬರುವುದಿಲ್ಲ.

ಭಾಷಣ ಮೂರು ನಿಮಿಷ ಮೀರಬಾರದು. ಇಲ್ಲದಿದ್ದರೂ ನಡೆಯುತ್ತದೆ.

ಚಿತ್ರದ ಮುಂದೆ ಮನೆಯವರು ಏನು ಮಾತಾಡಬೇಕು? ಅವರಿಗೆ ಹೇಳಿಕೊಡಬೇಕೇ?

ಪಾಠ ಬೇಡ, ಕಾರ್ಡಿನ ಹಿಂದೆ ಮೂರು ಪ್ರಶ್ನೆ ಅಚ್ಚು ಹಾಕಿಸಿ: "ಮೊದಲು ಯಾವುದನ್ನು ಬರೆದೆ?", "ಈ ಬಣ್ಣ ಹೇಗೆ ಬಂತು?", "ಇಲ್ಲಿ ಏನಾಗ್ತಿದೆ?" ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, "ಸೂಪರ್" ಎನ್ನುವುದಕ್ಕೆ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ "ಸೂಪರ್" ಎಂದ ಮೇಲೆ ಮಗುವಿಗೆ ಹೇಳಲು ಏನೂ ಉಳಿಯುವುದಿಲ್ಲ. ಪಕ್ಕದ ಚಿತ್ರ ತೋರಿಸಿ "ಅವಳು ನೋಡು ಎಷ್ಟು ನೀಟಾಗಿ ಮಾಡಿದ್ದಾಳೆ" ಎನ್ನುವವರು ಇದ್ದೇ ಇರುತ್ತಾರೆ. ಅಂಥಲ್ಲಿ ಟೀಚರ್ ಹತ್ತಿರ ಹೋಗಿ ಮಗುವನ್ನೇ ಒಂದು ಪ್ರಶ್ನೆ ಕೇಳಿದರೆ ಮಾತು ದಾರಿಗೆ ಬರುತ್ತದೆ.

ಮಗುವಿನ ಓದಿನ ಬಗ್ಗೆ ಅದೇ ದಿನ ಮಾತಾಡಬಹುದೇ?

ಬೇಡ. ಪೋಷಕರೇ ಕೇಳಿದರೂ "ಅದಕ್ಕೆ ಬೇರೆ ದಿನ ಕೂರೋಣ" ಎಂದು ದಿನ ಗೊತ್ತುಮಾಡಿ. ಬಾಕಿ ಶುಲ್ಕದ ಮಾತು ಎತ್ತಿದರಂತೂ ಆ ಮನೆಯವರು ಮುಂದಿನ ಸಲ ಬರುವುದಿಲ್ಲ.

ಯಾರೂ ಬಾರದ ಮಗುವನ್ನು ಹೇಗೆ ನೋಡಿಕೊಳ್ಳುವುದು?

ಯಾರ ಮನೆಯಿಂದ ಬರುವುದು ಕಷ್ಟ ಎಂಬುದು ತರಗತಿಯ ಟೀಚರ್‌ಗೆ ಮೊದಲೇ ಗೊತ್ತಿರುತ್ತದೆ. ಅಂಥ ಪ್ರತಿ ಮಗುವಿಗೂ ಒಬ್ಬ ದೊಡ್ಡವರನ್ನು ಗುಟ್ಟಾಗಿ ಗೊತ್ತುಮಾಡಿ: ಮಗುವಿಗೆ ಪ್ರೀತಿಯಿರುವ ಆಯಾ, ಹಿಂದಿನ ವರ್ಷದ ಟೀಚರ್, ಹಿರಿಯ ತರಗತಿಯ ಅಕ್ಕ ಅಣ್ಣ. ಅವರು "ನಿನ್ನ ಚಿತ್ರ ನೋಡಬೇಕು ಅಂತ ಬಂದೆ" ಎಂದೇ ಬರಬೇಕು, "ನಿಮ್ಮ ಮನೆಯಿಂದ ಯಾರೂ ಬಂದಿಲ್ವಾ" ಎಂದಲ್ಲ. ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ಮಕ್ಕಳನ್ನು ವಹಿಸಬೇಡಿ. ಆ ವಾರದೊಳಗೆ ಮನೆಯವರಿಗೆ ಬೆಳಿಗ್ಗೆ ಹತ್ತು ನಿಮಿಷ ಬಿಡುವಿದ್ದರೆ ಬರಲಿ ಎಂದು ಹೇಳಿಕಳಿಸಿ, ಅಲ್ಲಿಯವರೆಗೆ ಗೋಡೆ ಬಿಚ್ಚಬೇಡಿ.

ತಂದೆ ತಾಯಿ ಬೇರೆಯಾಗಿದ್ದರೆ?

ಇಬ್ಬರಿಗೂ ಪ್ರತ್ಯೇಕ ಆಹ್ವಾನ, ಬೇಕಿದ್ದರೆ ಬೇರೆ ಬೇರೆ ಹೊತ್ತು. ಮಗುವಿನ ಕೈಲಿ ಒಂದೇ ಕಾರ್ಡ್ ಕೊಟ್ಟು ಯಾರಿಗೆ ಕೊಡಬೇಕೆಂಬ ಸಂಕಟಕ್ಕೆ ಅದನ್ನು ತಳ್ಳಬೇಡಿ. ಭೇಟಿಗೆ ನ್ಯಾಯಾಲಯದ ನಿರ್ಬಂಧ ಇದ್ದರೆ ಆ ಮಾಹಿತಿ ಬಾಗಿಲಲ್ಲಿ ನಿಲ್ಲುವವರಿಗೆ ತಿಳಿದಿರಬೇಕು. ಮಗುವನ್ನು ಕರೆದೊಯ್ಯುವ ನಿಯಮ ಎಂದಿನಂತೆಯೇ. ಪ್ರದರ್ಶನದ ಗಡಿಬಿಡಿಯಲ್ಲಿ ಸಹಿ ಇಲ್ಲದೆ ಯಾರ ಜೊತೆಗೂ ಕಳಿಸುವಂತಿಲ್ಲ.

ಫೋಟೊ ತೆಗೆಯಲು ಬಿಡಬಹುದೇ?

ತಮ್ಮ ಮಗು, ತಮ್ಮ ಮಗುವಿನ ಚಿತ್ರ ಎಂಬ ಗೆರೆ ಬಾಗಿಲಲ್ಲೇ ಬರೆದಿರಲಿ. ಗೋಡೆಯ ಚೀಟಿಯಲ್ಲಿ ಪೂರ್ಣ ಹೆಸರು, ಮನೆತನದ ಹೆಸರು ಬೇಡ, ಕರೆಯುವ ಹೆಸರು ಸಾಕು. ಶಾಲೆಯ ಪುಟದಲ್ಲಿ ಹಾಕಲು ಲಿಖಿತ ಒಪ್ಪಿಗೆ ಬೇಕು.

ಗದ್ದಲ ತಾಳಲಾರದ ಮಕ್ಕಳು, ಗಾಲಿಕುರ್ಚಿಯವರು, ಕಣ್ಣು ಕಾಣದವರು ಬಂದರೆ?

ಮೊದಲ ಅರ್ಧ ಗಂಟೆಯನ್ನು ಕಡಿಮೆ ಜನಕ್ಕೆ ಮೀಸಲಿಟ್ಟು, ಮೈಕ್, ಹಾಡು ಹಾಕದೆ ಇರಿ. ಓಡಾಡುವ ದಾರಿ ಕನಿಷ್ಠ 1.2 ಮೀಟರ್, ಗಾಲಿಕುರ್ಚಿ ತಿರುಗುವ ಕಡೆ 1.5 ಮೀಟರ್ ಚೌಕ. ಕಾಣದವರಿಗೆ ಮಣ್ಣು, ಬಟ್ಟೆ, ಹಗ್ಗದ ಕೆಲಸಗಳಲ್ಲಿ ಕೆಲವನ್ನು ಮುಟ್ಟಿ ನೋಡಲು ಬಿಡಿ. ಯಾರ ಕೆಲಸವೋ ಆ ಮಗುವನ್ನು ಮೊದಲು ಕೇಳಿ.

ಚಿತ್ರಗಳನ್ನು ಮಾರಿ ಶಾಲೆಗೆ ಹಣ ಕೂಡಿಸಬಹುದೇ?

ಬೇಡ. ತನ್ನ ಮಗುವಿನ ಚಿತ್ರವನ್ನು ಕೊಳ್ಳಲಾಗದ ಮನೆಗೆ ಅದು ಅವಮಾನ, ಮಾರಾಟವಾಗದ ಚಿತ್ರದ ಮಗುವಿಗೆ ಇನ್ನೂ ಕೆಟ್ಟದ್ದು.

ಮುಗಿದ ಮೇಲೆ ಚಿತ್ರಗಳನ್ನು ಏನು ಮಾಡಬೇಕು?

ಕಳಚುವ ಮೊದಲು ಪ್ರತಿಯೊಂದರ ಫೋಟೊ ತೆಗೆದಿಡಿ. ನೇರ ಬಿಸಿಲು ಬೀಳದ ಹಗಲು ಬೆಳಕು, ಫ್ಲಾಶ್ ಇಲ್ಲದೆ, ಕ್ಯಾಮೆರಾ ಚಿತ್ರಕ್ಕೆ ಸಮಾನಾಂತರವಾಗಿ. ವಾರದೊಳಗೆ ಮನೆಗೆ ಹಿಂದಿರುಗಿಸಿ. ತಿಂಗಳು ಕಳೆದರೆ ಅರ್ಧ ಕಾಣೆಯಾಗಿರುತ್ತವೆ. ಮಗುವಿನ ಚೀಲದಲ್ಲಿ ಮಡಚಿ ತುರುಕಬೇಡಿ, ಎರಡು ರಟ್ಟಿನ ನಡುವೆ ಇಟ್ಟು ಕೊಡಿ. ದೊಡ್ಡ ಚಿತ್ರ ಸುತ್ತಲೇಬೇಕಾದರೆ ಬಣ್ಣದ ಬದಿ ಹೊರಗೆ ಬರಲಿ, ಸುತ್ತು 10 ಸೆಂ.ಮೀ.ಗಿಂತ ಸಣ್ಣದಾಗದಿರಲಿ. ಬಣ್ಣ ಒಳಗಾದರೆ ಒತ್ತಿ ಮಡಿಕೆ ಬಿದ್ದು ಉದುರುತ್ತದೆ. ಎಲ್ಲರೂ ಸೇರಿ ಮಾಡಿದ ದೊಡ್ಡ ಚಿತ್ರವನ್ನು ಹರಿದು ಹಂಚಬೇಡಿ, ಶಾಲೆಯ ಪ್ರವೇಶದ್ವಾರದ ಬಳಿ ಹಾಕಿಡಿ. ಮನೆಯವರು ಅದರಲ್ಲಿ ತಮ್ಮ ಗೆರೆ ಹುಡುಕುತ್ತಾರೆ.

ಪ್ರದರ್ಶನ ಚೆನ್ನಾಯಿತು ಎಂದು ಗೊತ್ತಾಗುವುದು ಹೇಗೆ?

ಬಂದ ತಲೆಗಳ ಲೆಕ್ಕದಿಂದ ಅಲ್ಲ. ತರಗತಿವಾರು ಪಟ್ಟಿಯಲ್ಲಿ ಎಷ್ಟು ಮಕ್ಕಳಿಗೆ ಒಬ್ಬರಾದರೂ ಬಂದರು ಎಂದು ಗುರುತು ಹಾಕಿ. 60ರಲ್ಲಿ 52 ಎಂದರೆ ನಿಮ್ಮ ಮುಂದಿನ ಕೆಲಸ ಆ 8 ಮನೆಗಳು. ಅವರಿಗೆ ಅಡ್ಡಿಯಾದದ್ದು ಹೊತ್ತೋ, ಬಸ್ಸೋ, ಮನೆಯಲ್ಲಿನ ಕೂಸೋ ಎಂದು ಒಂದು ಫೋನಿನಲ್ಲಿ ಕೇಳಿ ತಿಳಿಯಿರಿ. ಯಾವ ಹೊತ್ತಿಗೆ ಹೆಚ್ಚು ಕುಟುಂಬ ಬಂದವು, ಸರಾಸರಿ ಎಷ್ಟು ಹೊತ್ತು ಒಳಗಿದ್ದರು, ಕೂಡಿ ಬಿಡಿಸುವ ಮೇಜಿನಲ್ಲಿ ಎಷ್ಟು ಹಾಳೆ ಖರ್ಚಾಯಿತು, ಇಷ್ಟನ್ನು ಒಂದು ಪುಟದಲ್ಲಿ ಬರೆದಿಟ್ಟರೆ ಮುಂದಿನ ವರ್ಷದ ತಯಾರಿ ಅಲ್ಲಿಂದಲೇ ಶುರುಮಾಡಬಹುದು. ಮಕ್ಕಳನ್ನೂ ಕೇಳಿ: "ಯಾರಿಗೆ ತೋರಿಸಿದೆ? ಅವರು ಏನಂದರು?"